ಒಂದೇ ಗಿಡಮೂಲಿಕೆ, ಬೇರೆ ಬೇರೆ ಪರಿಣಾಮ: ಕಾರಣವೇನು?

ಪ್ರಶ್ನೆ:
ನಾನು ಮತ್ತು ನನ್ನ ಅಕ್ಕ ಒಂದೇ ಡಬ್ಬಿಯ ಅಶ್ವಗಂಧದ ಪುಡಿಯನ್ನು ಒಂದೇ ಪ್ರಮಾಣದಲ್ಲಿ ಸೇವಿಸುತ್ತಿದ್ದೇವೆ. ಅವರಿಗೆ ಒಳ್ಳೆಯ ನಿದ್ರೆ ಬರುತ್ತಿದೆ. ನನಗೆ ಹೊಟ್ಟೆ ಕೆಡುವುದನ್ನು ಬಿಟ್ಟರೆ ಬೇರೇನೂ ಆಗುತ್ತಿಲ್ಲ. ನೈಸರ್ಗಿಕವಾದದ್ದು ಎಲ್ಲರಿಗೂ ಒಂದೇ ರೀತಿ ಒಗ್ಗಬೇಕಲ್ಲವೇ?

ಉತ್ತರ 1:
ಹಾಗೇನೂ ಇಲ್ಲ. ಗಿಡದಲ್ಲಿರುವುದೂ ರಾಸಾಯನಿಕಗಳೇ ಆದ್ದರಿಂದ, ಅವುಗಳನ್ನು ಯಕೃತ್ತಿನ ಕಿಣ್ವಗಳು ಎಷ್ಟು ಬೇಗ ವಿಭಜಿಸುತ್ತವೆ ಎಂಬುದು ಅನುವಂಶೀಯತೆ, ವಯಸ್ಸು ಮತ್ತು ಆರೋಗ್ಯವನ್ನು ಅವಲಂಬಿಸಿ ಬದಲಾಗುತ್ತದೆ. ಕರುಳಿನ ಬ್ಯಾಕ್ಟೀರಿಯಾಗಳ ಪಾತ್ರವೂ ದೊಡ್ಡದು: ಜಿನ್ಸೆಂಗ್ ಬೇರಿನ ಕೆಲವು ಅಂಶಗಳನ್ನು ದೇಹ ಸುಲಭವಾಗಿ ಹೀರಿಕೊಳ್ಳುವ ರೂಪಕ್ಕೆ ಬದಲಿಸುವುದು ಅವೇ, ಮತ್ತು ಆ ಸಾಮರ್ಥ್ಯ ಎಲ್ಲರ ಕರುಳಿನಲ್ಲೂ ಸಮನಾಗಿರುವುದಿಲ್ಲ. ಇನ್ನು ಹೊಟ್ಟೆ ಕೆಡುವುದು ಅಶ್ವಗಂಧದ ಪರಿಚಿತ ಅಡ್ಡಪರಿಣಾಮವೇ ಆಗಿದೆ.

ಉತ್ತರ 2:
ನೀವು ಬೇರೆ ಯಾವುದಾದರೂ ಔಷಧ ತೆಗೆದುಕೊಳ್ಳುತ್ತಿದ್ದೀರಾ? ಸೇಂಟ್ ಜಾನ್ಸ್ ವರ್ಟ್ ಎಂಬ ಮೂಲಿಕೆಯು ಯಕೃತ್ತಿನ ಕಿಣ್ವಗಳನ್ನು ಚುರುಕುಗೊಳಿಸಿ, ಗರ್ಭನಿರೋಧಕ ಮಾತ್ರೆ ಹಾಗೂ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್‌ನ ಪರಿಣಾಮವನ್ನೇ ತಗ್ಗಿಸುತ್ತದೆ. ಅಶ್ವಗಂಧವೂ ಥೈರಾಯ್ಡ್ ಹಾರ್ಮೋನಿನ ಮಟ್ಟವನ್ನು ಏರಿಸಬಹುದು. ಅಪರೂಪವಾಗಿ ಯಕೃತ್ತಿಗೆ ಹಾನಿಯಾದ ಪ್ರಕರಣಗಳೂ ವರದಿಯಾಗಿವೆ. ಆದ್ದರಿಂದ ಸದ್ಯಕ್ಕೆ ನಿಲ್ಲಿಸಿ, ವೈದ್ಯರನ್ನು ಕೇಳುವುದು ಒಳಿತು.

ಉತ್ತರ 3:
ಮೇಲಿನ ಮಾತುಗಳನ್ನು ಒಪ್ಪುತ್ತೇನೆ, ಆದರೆ ನಿರೀಕ್ಷೆಯ ಪ್ರಭಾವವನ್ನು ಯಾರೂ ಪ್ರಸ್ತಾಪಿಸಿಲ್ಲ. ನಿದ್ರೆಯಂಥ ವಿಷಯದಲ್ಲಿ, ಗುಣವಾಗುತ್ತದೆಂಬ ನಂಬಿಕೆಯೇ ಸ್ವಲ್ಪಮಟ್ಟಿಗೆ ಕೆಲಸ ಮಾಡುತ್ತದೆ. ನಿಮ್ಮ ಅಕ್ಕನವರಿಗೆ ಆಗಿರುವುದು ಅದೇ ಎಂದು ನಾನು ಹೇಳುತ್ತಿಲ್ಲ. ಆದರೆ ಇಬ್ಬರನ್ನಷ್ಟೇ ಹೋಲಿಸಿ ಪುಡಿಯ ಗುಣವನ್ನು ನಿರ್ಧರಿಸಲಾಗದು.