ಕೂರಿಗೆ ಭತ್ತದಲ್ಲಿ ಕಳೆಭತ್ತದ ಕಾಟ: ಯಾವ ಕಳೆನಾಶಕ ಬಳಸಬೇಕು?

ಪ್ರಶ್ನೆ: ಸಿಂಧನೂರು ಭಾಗದ ನಮ್ಮ ಹೊಲದಲ್ಲಿ ನಾಟಿ ಬಿಟ್ಟು ಕೂರಿಗೆಯಿಂದ ಬಿತ್ತಲಾರಂಭಿಸಿ ಮೂರು ವರ್ಷವಾಯಿತು. ಎಳೆಯದರಲ್ಲಿ ಬೆಳೆಯಂತೆಯೇ ಕಾಣುವ, ತೆನೆ ಬಿಟ್ಟ ಮೇಲೆ ಎತ್ತರವಾಗಿ ನಿಂತು ಕೊಯ್ಲಿಗೆ ಮೊದಲೇ ಕಾಳು ಉದುರಿಸುವ ಕಳೆಭತ್ತ ಪ್ರತಿ ವರ್ಷವೂ ಹೆಚ್ಚುತ್ತಿದೆ. ಇದಕ್ಕೆ ಯಾವ ಕಳೆನಾಶಕ ಸೂಕ್ತ?

ಉತ್ತರ 1: ಬೆಳೆಯೂ ಕಳೆಯೂ ಒಂದೇ ಪ್ರಭೇದಕ್ಕೆ ಸೇರಿರುವುದರಿಂದ, ಸಾಮಾನ್ಯ ಭತ್ತದ ಕಳೆನಾಶಕಗಳು ಇವೆರಡನ್ನು ಬೇರ್ಪಡಿಸಲಾರವು. ಬಿತ್ತನೆಗೆ ಮೊದಲು ಹದ ಮಾಡಿದ ಹೊಲಕ್ಕೆ ನೀರು ಹಾಯಿಸಿ, ಎರಡು ಮೂರು ವಾರಗಳಲ್ಲಿ ಮೊಳೆತ ಸಸಿಗಳನ್ನು ಮೇಲ್ಪದರದ ಕುಂಟೆಯಿಂದ ನಾಶಮಾಡಿ. ಸಾಧ್ಯವಾದರೆ ಇದನ್ನು ಎರಡು ಸಲ ಮಾಡಿ. ಆಮೇಲೆ ಆಳವಾಗಿ ಉಳಬೇಡಿ, ಏಕೆಂದರೆ ಕೆಳಗೆ ಸುಪ್ತವಾಗಿರುವ ಬೀಜಗಳು ಮತ್ತೆ ಮೇಲೆ ಬರುತ್ತವೆ. ಕಾಲುವೆ ನೀರು ಖಚಿತವಿದ್ದರೆ ಒಂದೆರಡು ಹಂಗಾಮು ನಾಟಿಗೆ ಮರಳುವುದೇ ಉತ್ತಮವೆಂದು ನನ್ನ ಅಭಿಪ್ರಾಯ. ಕೆಸರುಗದ್ದೆಯಲ್ಲಿ ನಿಂತ ನೀರು ಈ ಬೀಜ ಮೊಳೆಯುವುದನ್ನು ತಡೆಯುತ್ತದೆ, ಸಾಲಿನಾಚೆ ಹುಟ್ಟಿದ್ದನ್ನು ಗುರುತಿಸುವುದೂ ಸುಲಭ.

ಉತ್ತರ 2: ಕೇರಳದ ಕುಟ್ಟನಾಡಿನಲ್ಲಿ ಇದನ್ನು ‘ವರಿನೆಲ್ಲು’ ಎನ್ನುತ್ತಾರೆ. ಬೆಳೆಗಿಂತ ಮೇಲೆದ್ದ ತೆನೆಗಳಿಗಷ್ಟೇ ಕಳೆನಾಶಕ ಸವರುವ ಕೈಸಾಧನವನ್ನು ಕೇರಳ ಕೃಷಿ ವಿಶ್ವವಿದ್ಯಾಲಯವು ರೂಪಿಸಿದೆ. ಚಿಕ್ಕ ಹಿಡುವಳಿಯಾದರೆ, ಕಾಳು ಉದುರುವ ಮೊದಲೇ ತೆನೆ ಕತ್ತರಿಸಿ ಹೊಲದಿಂದ ಹೊರಗೆ ಸಾಗಿಸಿ.

ಉತ್ತರ 3: ಇಮಾಜೆಥಾಪೈರ್ ಎಂಬ ಕಳೆನಾಶಕವನ್ನು ತಾಳಿಕೊಳ್ಳುವ ಪೂಸಾ ಬಾಸ್ಮತಿ 1979 ಮತ್ತು 1985 ತಳಿಗಳಿವೆಯಾದರೂ ಅವು ಉತ್ತರದ ಬಾಸ್ಮತಿ ಪ್ರದೇಶಕ್ಕೆ ಸೇರಿದವು. ಅಮೆರಿಕದಲ್ಲಿ ಇಂಥ ತಳಿಗಳ ನಿರೋಧಕ ಗುಣ ಪರಾಗದ ಮೂಲಕ ಕಳೆಭತ್ತಕ್ಕೂ ದಾಟಿತು. ಇಂಥ ತಳಿಗಳ ಯೋಚನೆಗೆ ಮೊದಲು ನಿಮ್ಮ ಬಿತ್ತನೆ ಬೀಜದಲ್ಲಿ, ಹೊಲಕ್ಕೆ ಬರುವ ಕೊಯ್ಲು ಯಂತ್ರದಲ್ಲಿ ಕಳೆಭತ್ತದ ಕಾಳು ಸೇರಿದೆಯೇ ಎಂದು ಪರೀಕ್ಷಿಸಿ.