ಗುರಿಯನ್ನು ಮಕ್ಕಳೇ ಬರೆಯಲಿ ಎಂದರೆ ಎಲ್ಲರೂ ಒಂದೇ ವಾಕ್ಯ ಬರೆಯುತ್ತಾರೆ: ಏನು ಮಾಡಲಿ?

ಪ್ರಶ್ನೆ (ಹಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ)

ನಮ್ಮದು ಹಳ್ಳಿಯ ಸರ್ಕಾರಿ ಶಾಲೆ. ಆರು ಮತ್ತು ಏಳನೇ ತರಗತಿ ಸೇರಿ 34 ಮಕ್ಕಳಿದ್ದಾರೆ. ದಾನಿಗಳು ಕೊಟ್ಟ ಎಂಟು ಕಂಪ್ಯೂಟರ್‌ಗಳಲ್ಲಿ ಐದು ನಡೆಯುತ್ತವೆ. ವಾರಕ್ಕೆ ಒಂದೇ ಅವಧಿ, ಅದೂ 40 ನಿಮಿಷ. ಎಲ್ಲರಿಗೂ ಒಂದೇ ಪಾಠ ಮಾಡಿದರೆ ಮನೆಯಲ್ಲಿ ಮೊಬೈಲ್ ಹಿಡಿದು ಪಳಗಿದವರಿಗೆ ಬೇಸರವಾಗುತ್ತದೆ, ಮೌಸ್ ಮುಟ್ಟಲು ಅಂಜುವವರಿಗೆ ಗಾಬರಿಯಾಗುತ್ತದೆ. ಆದ್ದರಿಂದ ಈ ವರ್ಷ ತಾವು ಏನು ಕಲಿಯಬೇಕೆಂಬುದನ್ನು ಮಕ್ಕಳೇ ನಿರ್ಧರಿಸಲಿ ಎಂದುಕೊಂಡು ಒಬ್ಬೊಬ್ಬರಿಗೂ ಒಂದು ಚೀಟಿ ಕೊಟ್ಟು ಬರೆಯಿಸಿದೆ. 21 ಚೀಟಿಗಳಲ್ಲಿ 'ನಾನು ಕಂಪ್ಯೂಟರ್ ಚೆನ್ನಾಗಿ ಕಲಿಯುತ್ತೇನೆ' ಎಂದಿದೆ. ಕೆಲವರು 'ಗೇಮ್ ಮಾಡುತ್ತೇನೆ' ಎಂದಿದ್ದಾರೆ. ಒಬ್ಬ ಹುಡುಗ 'ಟೀಚರ್ ಹೇಳಿದ್ದನ್ನು ಕಲಿಯುತ್ತೇನೆ' ಎಂದು ದುಂಡಗಿನ ಅಕ್ಷರಗಳಲ್ಲಿ ಬರೆದು ಕೆಳಗೆ ಗೆರೆ ಎಳೆದಿದ್ದಾನೆ. ಒಬ್ಬಳು ಖಾಲಿ ಚೀಟಿಯನ್ನೇ ನಾಲ್ಕು ಮಡಿಕೆ ಮಾಡಿ ಕೊಟ್ಟಳು. ಈ ವಯಸ್ಸಿನ ಮಕ್ಕಳಿಗೆ ಗುರಿ ಇಟ್ಟುಕೊಳ್ಳಲು ಬರುವುದಿಲ್ಲವೋ, ಅಥವಾ ನಾನು ಕೇಳಿದ ರೀತಿಯೇ ಸರಿಯಿಲ್ಲವೋ? ಅನುಭವವಿರುವವರು ತಿಳಿಸಬೇಕು.

ಉತ್ತರ 1 (ನಿವೃತ್ತ ಮುಖ್ಯೋಪಾಧ್ಯಾಯ)

ಮೇಡಂ, ಮಕ್ಕಳಿಗೆ ಬರುತ್ತದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ, ಚಟುವಟಿಕೆಗಳ ಮೂಲಕ ಕಲಿಸುವ ನಲಿಕಲಿ ಪದ್ಧತಿಯಲ್ಲಿ ಒಂದನೇ ತರಗತಿಯ ಮಗುವೂ ಗೋಡೆಯ ಮೇಲಿನ ಕಲಿಕಾ ಏಣಿಯನ್ನು ನೋಡಿ, ತಾನು ಯಾವ ಮೆಟ್ಟಿಲಿನಲ್ಲಿದ್ದೇನೆ ಎಂಬುದನ್ನು ಚಿತ್ರದಿಂದ ಗುರುತಿಸಿ, ಮುಂದಿನ ಕಾರ್ಡನ್ನು ತಾನೇ ತೆಗೆದುಕೊಳ್ಳುವುದನ್ನು ನಾನು ವರ್ಷಗಟ್ಟಲೆ ಕಂಡಿದ್ದೇನೆ. ಅಲ್ಲಿ ಏಣಿಯನ್ನು ಕಟ್ಟಿದವರು ದೊಡ್ಡವರೇ, ನಿಜ. ಆದರೆ 'ನನಗೆ ಇದು ಬಂತು, ಇದು ಬರಲಿಲ್ಲ' ಎಂದು ಮಗು ತಾನೇ ಹೇಳಬಲ್ಲದು. 'ಕಂಪ್ಯೂಟರ್ ಚೆನ್ನಾಗಿ ಕಲಿಯುತ್ತೇನೆ' ಎಂಬ ಮಾತಿಗೆ ಆ ಗುಣವಿಲ್ಲ, ಏಕೆಂದರೆ ಅದು ಮುಗಿದದ್ದು ಯಾವಾಗ ಎಂದು ಮಗುವಿಗೂ ತಿಳಿಯದು, ನಿಮಗೂ ತಿಳಿಯದು.

ನಾನು ಪ್ರಶ್ನೆಯನ್ನು ಬದಲಾಯಿಸಿ ನೋಡಿದ್ದೆ. 'ಏನು ಕಲಿಯುತ್ತೀಯ' ಎಂಬುದನ್ನು ಬಿಟ್ಟು, 'ನಿಮ್ಮ ಮನೆಯಲ್ಲಿ ಬರೆದು, ಎಣಿಸಿ ಬೇಸರ ಬರುವ ಕೆಲಸ ಯಾವುದು' ಎಂದು ಕೇಳಿದೆ. ಏಳನೇ ತರಗತಿಯ ಒಬ್ಬ ಹುಡುಗಿ ಡೇರಿಗೆ ಹಾಕುವ ಹಾಲಿನ ಲೆಕ್ಕ ಎಂದಳು. ಹತ್ತು ದಿನದ ಹಾಲನ್ನು ಕಂಪ್ಯೂಟರಿನಲ್ಲಿ ಕೂಡಿಸಿ, ಅಪ್ಪ ಬೆರಳೆಣಿಸಿ ಹಾಕಿದ ಲೆಕ್ಕದೊಂದಿಗೆ ತಾಳೆ ನೋಡುವುದು ಅವಳ ಗುರಿಯಾಯಿತು. ಬೆಳಿಗ್ಗೆಗೆ ಒಂದು ಸಾಲು, ಸಂಜೆಗೆ ಒಂದು ಸಾಲು ಮಾಡಿಕೊಂಡು, ಪ್ರತಿ ಚೌಕದಲ್ಲೂ '4 ಲೀ.', '3.5 ಲೀ.' ಎಂದು ಶ್ರದ್ಧೆಯಿಂದ ತುಂಬಿ, ಕೊನೆಗೆ ಮೊತ್ತದ ಸೂತ್ರ ಹಾಕಿದಾಗ ಸೊನ್ನೆ ಬಂತು. ನಾನು ಬಾಯಿ ಬಿಡಲಿಲ್ಲ (ಅದು ಎಷ್ಟು ಕಷ್ಟ ಎಂಬುದು ಮೇಷ್ಟ್ರುಗಳಿಗೆ ಮಾತ್ರ ಗೊತ್ತು). ಮುಂದಿನ ವಾರ ಬಂದವಳು ಒಂದು ಚೌಕದಿಂದ 'ಲೀ.' ಅಳಿಸಿದಳು, ಮೊತ್ತ 4 ಆಯಿತು. ಅಕ್ಷರವಿರುವ ಚೌಕವನ್ನು ಯಂತ್ರ ಎಣಿಸುವುದಿಲ್ಲವೆಂಬುದು ಅವಳಿಗೆ ಆಗ ಹೊಳೆಯಿತು. ಮುಂದಿನ ಚೀಟಿಯಲ್ಲಿ ಅವಳೇ ಬರೆದದ್ದು: 'ದರವನ್ನೂ ಸೇರಿಸಿ ದುಡ್ಡು ಎಷ್ಟು ಎಂದು ತೆಗೆಯುತ್ತೇನೆ.'

ಉತ್ತರ 2 (ಶನಿವಾರಗಳಂದು ಶಾಲೆಯೊಂದರಲ್ಲಿ ಕಲಿಸುವ ಸಾಫ್ಟ್‌ವೇರ್ ಉದ್ಯೋಗಿ)

ಹಿರಿಯರ ಮಾತನ್ನು ಒಪ್ಪುತ್ತೇನೆ, ಆದರೆ ಪೂರ್ತಿಯಾಗಿ ಅಲ್ಲ. ಮನೆಯ ಕೆಲಸದಿಂದಲೇ ಗುರಿ ಹುಟ್ಟಬೇಕೆಂದರೆ ಮಕ್ಕಳು ಕಂಡಿರದ ಸಂಗತಿಗಳು ಗುರಿಯಾಗುವುದು ಹೇಗೆ? ಹೋಟೆಲಿನಲ್ಲಿ ಕೂತ ಕೂಡಲೇ ನಾವೆಲ್ಲ ಕೇಳುವುದು 'ತಿಂಡಿ ಏನಿದೆ' ಎಂದು. ಮಕ್ಕಳಿಗೂ ಮೊದಲು ಏನೇನಿದೆ ಎಂದು ತೋರಿಸಬೇಕು. ನಾನು ಮೊದಲ ಮೂರು ವಾರ ಯಾರಿಂದಲೂ ಏನನ್ನೂ ಬರೆಯಿಸುವುದಿಲ್ಲ. ಒಂದು ವಾರ ಚಿತ್ರ ಬಿಡಿಸುವುದು, ಒಂದು ವಾರ ಕನ್ನಡ ಟೈಪಿಂಗ್, ಒಂದು ವಾರ ಸ್ಕ್ರ್ಯಾಚ್ (ತುಣುಕುಗಳನ್ನು ಜೋಡಿಸಿ ಗೇಮ್, ಕಥೆ ಮಾಡುವ ಮಕ್ಕಳ ಪ್ರೋಗ್ರಾಮಿಂಗ್ ತಂತ್ರಾಂಶ). ಕೆ. ಪಿ. ರಾವ್ ಅವರ ವಿನ್ಯಾಸದ ಕೀಲಿಮಣೆಯಲ್ಲಿ 'ಕನ್ನಡ' ಎಂದು ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯೂ ಎಂಬ ಐದು ಕೀಲಿಗಳನ್ನು ಒತ್ತಬೇಕು. ಒತ್ತಕ್ಷರಕ್ಕೆ ಎಫ್ ಬೇಕು, 'ಡ' ಇರುವುದು ಡಬ್ಲ್ಯೂನಲ್ಲಿ. ಇಷ್ಟನ್ನು ತೋರಿಸಿದ ಮೇಲೆ ಹೆಸರಿನಲ್ಲಿ ಒತ್ತಕ್ಷರವಿರುವ ಮಕ್ಕಳು ತಾವಾಗಿಯೇ ಗುರಿ ಇಟ್ಟುಕೊಂಡರು: ನೋಡದೆ ತಮ್ಮ ಹೆಸರು ಬರೆಯಬೇಕು.

'ಗೇಮ್ ಮಾಡುತ್ತೇನೆ' ಎಂದವರನ್ನು ದಯವಿಟ್ಟು ತಳ್ಳಿಹಾಕಬೇಡಿ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಮೀಡಿಯಾ ಲ್ಯಾಬ್ 2007ರಲ್ಲಿ ಹೊರತಂದ ಸ್ಕ್ರ್ಯಾಚ್ ಇರುವುದೇ ಅಂಥವರಿಗಾಗಿ. ಒಮ್ಮೆ ಅಳವಡಿಸಿಕೊಂಡರೆ ಅಂತರ್ಜಾಲವಿಲ್ಲದೆಯೂ ನಡೆಯುತ್ತದೆ. ಗೇಮಿನಲ್ಲಿ ಮೊದಲು ಏನು ಅಲುಗಾಡಬೇಕು ಎಂದಷ್ಟೇ ಕೇಳಿ. ನಮ್ಮಲ್ಲಿ ಒಬ್ಬ ಹುಡುಗ 'ಬೆಕ್ಕು ಬಲಕ್ಕೆ ಹೋಗಬೇಕು' ಎಂದ. ಬಾಣದ ಕೀಲಿ ಒತ್ತಿದಾಗಲೆಲ್ಲ 10 ಹೆಜ್ಜೆ ಹೋಗುವಂತೆ ಮಾಡಿ, ನಡುವಿನಿಂದ ಅಂಚಿಗೆ ಮುಟ್ಟಲು 24 ಸಲ ಒತ್ತಬೇಕಾಯಿತೆಂದು ಎಣಿಸಿ ಬಂದ. ನಡುವಿನಿಂದ ಅಂಚಿಗೆ 240 ಹೆಜ್ಜೆ, ಪರದೆಯ ಪೂರ್ತಿ ಅಗಲ 480 ಎಂದು ನಾನು ಹೇಳಿಕೊಡಬೇಕಾಗಲೇ ಇಲ್ಲ.

ಉತ್ತರ 3 (ಶಿಕ್ಷಕರ ತರಬೇತಿಯಲ್ಲಿ ಉಪನ್ಯಾಸಕಿ)

ಮೇಲಿನ ಇಬ್ಬರೂ ಹೇಳುತ್ತಿರುವುದಕ್ಕೆ ಹಳೆಯದೊಂದು ಪ್ರಯೋಗದ ಬೆಂಬಲವಿದೆ. ಮನಶ್ಶಾಸ್ತ್ರಜ್ಞರಾದ ಆಲ್ಬರ್ಟ್ ಬಂಡೂರ ಮತ್ತು ಡೇಲ್ ಶುಂಕ್ 1981ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವ್ಯವಕಲನದಲ್ಲಿ ಹಿಂದುಳಿದ ಮಕ್ಕಳಿಗೆ 42 ಪುಟಗಳ ಅಭ್ಯಾಸವನ್ನು ಏಳು ಅವಧಿಗಳಲ್ಲಿ ಮಾಡಲು ಕೊಟ್ಟರು. ಕೆಲವರಿಗೆ ಪ್ರತಿ ಅವಧಿಗೆ ಆರು ಪುಟ ಎಂಬ ಗುರಿಯನ್ನು ಸೂಚಿಸಿದರು, ಕೆಲವರಿಗೆ ಕೊನೆಗೆ 42 ಪುಟ ಎಂದರು, ಉಳಿದವರಿಗೆ ಗುರಿಯ ಮಾತೇ ಆಡಲಿಲ್ಲ. ಹತ್ತಿರದ ಗುರಿಯಿದ್ದವರಲ್ಲಿ ಕಲಿಕೆಯೂ, ತಮ್ಮಿಂದಾಗುತ್ತದೆಂಬ ನಂಬಿಕೆಯೂ, ಲೆಕ್ಕದ ಮೇಲಿನ ಆಸಕ್ತಿಯೂ ಹೆಚ್ಚಿದವು. ದೂರದ ಗುರಿಯಿಂದ ಹೇಳಿಕೊಳ್ಳುವಂಥ ಪರಿಣಾಮವೇ ಕಾಣಲಿಲ್ಲ. ಮೇಡಂ, ನಿಮ್ಮ 21 ಚೀಟಿಗಳೂ '42 ಪುಟ'ದ ಜಾತಿಯವು. ಒಂದೇ ಅವಧಿಯಲ್ಲಿ ಮುಗಿಯುವಷ್ಟನ್ನು ಮಾತ್ರ ಬರೆಯಿಸಿ. ಚೀಟಿಗೆ ಅಂಕ ಕೊಡಬೇಡಿ. ಕೊಟ್ಟರೆ ಮಕ್ಕಳು ಆಗಲೇ ಬರುವುದನ್ನೇ ಗುರಿಯೆಂದು ಬರೆಯಲು ಬೇಗ ಕಲಿತುಬಿಡುತ್ತಾರೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ವಂದನೆಗಳು. ತೋರಿಸುವುದಕ್ಕೆ ಮೂರು ವಾರ ಕೊಟ್ಟೆ, ಆಮೇಲೆ 'ಈ ಅವಧಿ ಮುಗಿಯುವಷ್ಟರಲ್ಲಿ ನಿನ್ನ ಪರದೆಯ ಮೇಲೆ ಏನು ಇರಬೇಕು' ಎಂದು ಕೇಳಿದೆ. ಒಂದು ಕಂಪ್ಯೂಟರಿಗೆ ಆರೇಳು ಮಕ್ಕಳಾಗುವುದರಿಂದ ಜೋಡಿಗೊಂದು ಚೀಟಿ ಮಾಡಿ, ಸರದಿ ಇಲ್ಲದವರು ಕಾಗದದ ಮೇಲೆ ಬರೆದುಕೊಳ್ಳಲಿ ಎಂದಿದ್ದೇನೆ. ಸರದಿ ಎರಡು ವಾರಕ್ಕೊಮ್ಮೆ ಮಾತ್ರ ಬರುತ್ತಿದೆ, ಅದಕ್ಕೆ ಇನ್ನೂ ದಾರಿ ಕಂಡಿಲ್ಲ. ಖಾಲಿ ಚೀಟಿ ಕೊಟ್ಟಿದ್ದ ಹುಡುಗಿ ಈ ಸಲ 'ಅವ್ವನ ಹೆಸರು, ದೊಡ್ಡ ಅಕ್ಷರ, ಕೆಂಪು ಬಣ್ಣ' ಎಂದು ಬರೆದುಕೊಟ್ಟಿದ್ದಾಳೆ.