ಚೆಂಡು ಹೋದರೆ ನಿಂತುಬಿಡುವ ಹುಡುಗರು: ಬ್ಯಾಸ್ಕೆಟ್‌ಬಾಲ್ ಕಲಿಸಿದವರು, ಆಡಿದವರು ಅನುಭವ ಹೇಳಿ

ಮಂಡ್ಯದ ದೈಹಿಕ ಶಿಕ್ಷಣ ಶಿಕ್ಷಕಿಯ ಪ್ರಶ್ನೆ

ನಾನು ಪ್ರೌಢಶಾಲೆಯೊಂದರಲ್ಲಿದ್ದೇನೆ. ಈ ವರ್ಷ ಬಾಲಕರ ಬ್ಯಾಸ್ಕೆಟ್‌ಬಾಲ್ ತಂಡವೂ ನನ್ನ ಪಾಲಿಗೆ ಬಂದಿದೆ. ನಾನು ಆಡಿ ಬೆಳೆದದ್ದು ಖೋ ಖೋ. ಹುಡುಗರಿಗೆ ಕೈಚಳಕವಿದೆ. ಆದರೆ ಚೆಂಡು ಕಳೆದುಕೊಂಡವನು ಎರಡೂ ಕೈ ಚೆಲ್ಲಿ ರೆಫರಿಯ ಮುಖ ನೋಡುತ್ತಾ ನಿಲ್ಲುತ್ತಾನೆ. ಹೊರಗೆ ಕರೆಸಿದರೆ ತಲೆಗೆ ಟವೆಲ್ ಮುಸುಕು ಹಾಕಿಕೊಂಡು ಬೆಂಚಿನ ತುದಿಯಲ್ಲಿ ಕೂರುತ್ತಾನೆ. ಅಭ್ಯಾಸಕ್ಕೆ ಬಂದ ಕೂಡಲೇ ಎಲ್ಲರಿಗೂ ಮೂರು ಅಂಕದ ಗೆರೆಯೇ ಬೇಕು. ತಾಲ್ಲೂಕು ಮಟ್ಟದ ಪಂದ್ಯಗಳು ಹತ್ತಿರವಿವೆ, ಬೈದು ಸಾಕಾಗಿದೆ. ನೀವಾದರೆ ಏನು ಮಾಡುತ್ತೀರಿ?

ಮೈಸೂರಿನ ಹಿರಿಯ ತರಬೇತುದಾರ

ಮೇಡಂ, ಮೂರನ್ನೂ ಒಟ್ಟಿಗೆ ಹಿಡಿಯಲು ಹೋಗಬೇಡಿ. ಮೊದಲನೆಯದನ್ನು ಹಿಡಿಯಿರಿ. ಅಂಕಣದ ಉದ್ದ 28 ಮೀಟರ್. ಚೆಂಡು ಕಸಿದ ಎದುರಾಳಿ ಆ ತುದಿಗೆ ಓಡಿ ಲೇಅಪ್ (ರಿಂಗಿನ ಹತ್ತಿರಕ್ಕೇ ಹೋಗಿ ನೆಗೆದು ಹಾಕುವ ಎಸೆತ) ಹಾಕಲು ನಾಲ್ಕೈದು ಸೆಕೆಂಡು ಸಾಕು. ನಿಮ್ಮ ಹುಡುಗ ಕೈ ಚೆಲ್ಲಿ ನಿಲ್ಲುವುದೂ ಹೆಚ್ಚುಕಡಿಮೆ ಅಷ್ಟೇ ಹೊತ್ತು. ಆ ಹೊತ್ತಿನಲ್ಲಿ ನೀವು ಐವರ ಎದುರು ನಾಲ್ವರನ್ನು ಆಡಿಸುತ್ತಿದ್ದೀರಿ. ಚೆಂಡು ಕೈತಪ್ಪಿದ್ದಕ್ಕೆ ನನಗೆಂದೂ ಸಿಟ್ಟು ಬಂದಿಲ್ಲ, ಚೆಂಡು ಕೇಳಿ ಪಡೆಯುವವನ ಕೈಯಿಂದಲೇ ತಾನೇ ಅದು ತಪ್ಪುವುದು? ನಿಂತವನನ್ನು ಕಂಡರೆ ಮಾತ್ರ ಮೈಯೆಲ್ಲ ಉರಿಯುತ್ತದೆ.

ಬುದ್ಧಿವಾದ ಕೆಲಸಕ್ಕೆ ಬರಲಿಲ್ಲವೆಂದು ಅಭ್ಯಾಸ ಪಂದ್ಯದ ನಿಯಮವನ್ನೇ ಬದಲಿಸಿದೆ. ಚೆಂಡು ಕಳೆದುಕೊಂಡ ತಂಡದವರೆಲ್ಲ ಮಧ್ಯದ ಗೆರೆ ದಾಟಿ ಹಿಂದೆ ಬರುವ ಮೊದಲೇ ಎದುರಾಳಿ ಬ್ಯಾಸ್ಕೆಟ್ ಹಾಕಿದರೆ ಅದಕ್ಕೆ ನಾಲ್ಕು ಅಂಕ. ಮೊದಮೊದಲು ಹುಡುಗರು ಗೊಣಗಿದರು. ಆಮೇಲೆ ನಿಂತವನನ್ನು ‘ಹಿಂದೆ ಬಾ’ ಎಂದು ಅವರವರೇ ಕೂಗಿ ಎಳೆಯತೊಡಗಿದರು, ನನ್ನ ಗಂಟಲು ಉಳಿಯಿತು. ಒಂದು ಎಚ್ಚರಿಕೆ: ತಂಡದಲ್ಲಿ ಹೆಚ್ಚು ಅಂಕ ಗಳಿಸುವ ಹುಡುಗನಿಗೆ ವಿನಾಯಿತಿ ಕೊಟ್ಟರೆ ಎಲ್ಲವೂ ಕೆಡುತ್ತದೆ. ಅವನು ನಿಂತರೂ ಹೊರಗೆ ಕರೆಸಿ. ಪಂದ್ಯ ಸೋಲುವ ಚಿಂತೆಯಿಲ್ಲವೇ ಎಂದು ಮುಖ್ಯೋಪಾಧ್ಯಾಯರು ಕೇಳಿದರೆ ಇದೆ ಎನ್ನಿ, ಆದರೂ ಕರೆಸಿ.

ಇನ್ನು ಮೂರು ಅಂಕದ ಚಪಲ. ಆ ಗೆರೆ 6.75 ಮೀಟರ್ ದೂರದಲ್ಲಿದೆ, ರಿಂಗ್ 3.05 ಮೀಟರ್ ಎತ್ತರದಲ್ಲಿದೆ. ಹದಿಮೂರರ ಹುಡುಗ ಅಲ್ಲಿಂದ ಮುಟ್ಟಿಸಬೇಕಾದರೆ ಚೆಂಡನ್ನು ಸೊಂಟದಿಂದೆತ್ತಿ ಮೈ ತಿರುಚಿ ನೂಕುತ್ತಾನೆ. ಆ ವಕ್ರ ಎಸೆತ ಮೈಗೂಡಿದರೆ ಬಿಡಿಸುವುದು ದೊಡ್ಡ ಕಷ್ಟ. ರಿಂಗಿನ ಹತ್ತಿರದಿಂದ ಶುರು ಮಾಡಿಸಿ ಒಂದೊಂದೇ ಹೆಜ್ಜೆ ಹಿಂದೆ ಕಳುಹಿಸಿ. ಎಲ್ಲಿ ಮೊಣಕೈ ಹೊರಗೆ ಹೋಗುತ್ತದೆಯೋ ಅಲ್ಲಿಗೆ ಅವನ ಇವತ್ತಿನ ಗೆರೆ.

ಮಂಡ್ಯದಲ್ಲಿ ಶಾಲೆ, ಕಾಲೇಜು ತಂಡಗಳಿಗೆ ಆಡಿದವಳು

ಸರ್ ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಟವೆಲ್ ಮುಸುಕಿನ ಹುಡುಗನ ಪರವಾಗಿಯೂ ಯಾರಾದರೂ ಮಾತನಾಡಬೇಕಲ್ಲ. ಎಸೆತ ತಪ್ಪಿದಾಗಲೆಲ್ಲ ನಾವು ಬೆಂಚಿನತ್ತ ನೋಡುತ್ತಿದ್ದೆವು, ಅದಕ್ಕೂ ಬೈಗುಳ ಬೀಳುತ್ತಿತ್ತು. ನೋಡದೆ ಏನು ಮಾಡುವುದು? ತಪ್ಪಿದ ಕೂಡಲೇ ಅಲ್ಲೊಬ್ಬಳು ಬದಲಿ ಆಟಗಾರ್ತಿ ಜರ್ಸಿ ಸರಿಪಡಿಸಿಕೊಂಡು ಏಳುತ್ತಿದ್ದಳು!

ಐದು ಫೌಲ್‌ಗಳಿಗೆ ಆಟಗಾರನ ಪಂದ್ಯ ಮುಗಿಯುತ್ತದೆ. ಮೊದಲಾರ್ಧದಲ್ಲೇ ಮೂರಾದರೆ ಕೋಚ್ ಅವನನ್ನು ಉಳಿಸಿಕೊಳ್ಳಲೆಂದು ಹೊರಗೆ ಕರೆಸುತ್ತಾರೆ. ಹುಡುಗನಿಗೆ ಅದು ಗೊತ್ತಿಲ್ಲ, ಅವಮಾನವೆಂದೇ ತಿಳಿಯುತ್ತಾನೆ. ಕಾರಣವನ್ನು ಒಂದೇ ಮಾತಿನಲ್ಲಿ ಹೇಳಿ ಕೂರಿಸಿ. ಕೂತವನಿಗೆ ಕೆಲಸವನ್ನೂ ಕೊಡಿ. ನಂತರ ಬಂದ ಕೋಚ್ ಒಬ್ಬರು ನಮ್ಮನ್ನು ಪಕ್ಕದಲ್ಲೇ ಕೂರಿಸಿಕೊಂಡು, ಎದುರು ತಂಡದವರಲ್ಲಿ ಎಡಗೈಯಲ್ಲಿ ಡ್ರಿಬಲ್ ಮಾಡಲು, ಅಂದರೆ ಚೆಂಡನ್ನು ನೆಲಕ್ಕೆ ಪುಟಿಸುತ್ತಾ ಸಾಗಲು, ಅಂಜುವವರು ಯಾರು ಎಂದು ಕೇಳುತ್ತಿದ್ದರು. ಉತ್ತರ ಹುಡುಕುತ್ತಿದ್ದವರಿಗೆ ಮುನಿಸಿಕೊಳ್ಳಲು ಪುರಸೊತ್ತಿರುತ್ತಿರಲಿಲ್ಲ.

ಶಾಲಾ ಪಂದ್ಯಗಳ ರೆಫರಿ

ಕೈ ಚೆಲ್ಲುವವನಿಗೆ ನಾನು ಮೊದಲು ಎಚ್ಚರಿಕೆ ಕೊಡುತ್ತೇನೆ. ಮುಂದುವರಿಸಿದರೆ ಟೆಕ್ನಿಕಲ್ ಫೌಲ್ (ಅನುಚಿತ ವರ್ತನೆಗೆ ಕೊಡುವ ಫೌಲ್), ಎದುರು ತಂಡಕ್ಕೆ ಒಂದು ಫ್ರೀ ಥ್ರೋ, ಅಂದರೆ ಯಾರೂ ಅಡ್ಡ ಬರದ ಒಂದು ಎಸೆತ. ಅದು ಅವನ ಐದು ಫೌಲ್‌ಗಳ ಲೆಕ್ಕಕ್ಕೂ, ತಂಡದ ಫೌಲ್‌ಗಳ ಲೆಕ್ಕಕ್ಕೂ ಸೇರುತ್ತದೆ. ಒಬ್ಬನಿಗೇ ಎರಡು ಟೆಕ್ನಿಕಲ್ ಆದರೆ ಅಂಕಣ ಬಿಡಬೇಕು. ಈ ಲೆಕ್ಕವನ್ನು ಹುಡುಗರಿಗೆ ಹಲಗೆಯ ಮೇಲೆ ಬರೆದು ತೋರಿಸಿ. ಗೆರೆಯ ಪಕ್ಕ ನಿಂತು ಕೋಚ್ ನನ್ನ ಮೇಲೆ ಕೂಗಾಡುವ ಪಂದ್ಯಗಳಲ್ಲೇ ಹುಡುಗರ ಕೂಗಾಟವೂ ಜಾಸ್ತಿ ಎಂಬುದನ್ನು ಮಾತ್ರ ನೆನಪಿಡಿ.

ಕುವೆಂಪುನಗರದ ಆಟಗಾರನೊಬ್ಬನ ತಂದೆ

ಪೋಷಕರನ್ನೂ ಒಮ್ಮೆ ಕರೆದು ಮಾತನಾಡಿ ಮೇಡಂ. ಗೆಳೆಯ ರಿಂಗಿನ ಕೆಳಗೆ ಒಂಟಿಯಾಗಿ ನಿಂತಿರುವುದು ಹುಡುಗನಿಗೆ ಕಾಣುತ್ತಿರುತ್ತದೆ. ಆದರೆ ಗ್ಯಾಲರಿಯಿಂದ ಅಪ್ಪ ‘ನೀನೇ ಹಾಕು’ ಎಂದು ಕೂಗುತ್ತಿರುತ್ತಾನೆ. ಪಾಸ್ ಎಲ್ಲಿಂದ ಬರಬೇಕು?

ಮಂಡ್ಯದ ಶಿಕ್ಷಕಿ

ಎಲ್ಲರಿಗೂ ಧನ್ಯವಾದ. ನಾಲ್ಕು ಅಂಕದ ನಿಯಮ ನಾಳೆಯಿಂದಲೇ ಶುರು. ಆದರೆ ನನ್ನಲ್ಲಿರುವುದು ಒಂಬತ್ತೇ ಹುಡುಗರು ಸರ್, ಎರಡು ತಂಡ ಮಾಡುವುದು ಹೇಗೆ?

ಮೈಸೂರಿನ ಹಿರಿಯ ತರಬೇತುದಾರ

ನಾಲ್ವರ ಎದುರು ನಾಲ್ವರನ್ನು ಆಡಿಸಿ, ಒಂಬತ್ತನೆಯವನಿಗೆ ಸೀಟಿ ಕೊಡಿ. ಸರದಿಯಂತೆ ಎಲ್ಲರೂ ಊದಲಿ, ಟ್ರಾವೆಲಿಂಗ್ (ಚೆಂಡು ಪುಟಿಸದೆ ನಿಯಮ ಮೀರಿ ಹೆಜ್ಜೆ ಹಾಕುವ ತಪ್ಪು) ಹಿಡಿಯುವುದು ಎಷ್ಟು ಕಷ್ಟ ಎಂದು ಅವರಿಗೂ ತಿಳಿಯಲಿ. ಸಿಮೆಂಟ್ ಅಂಕಣವಾದರೆ ಬಿಸಿಲು ಇಳಿದ ಮೇಲೆ ಆಡಿಸಿ, ಒಂದೊಂದು ಸುತ್ತಿಗೆ ಐದು ನಿಮಿಷಕ್ಕಿಂತ ಹೆಚ್ಚು ಬೇಡ.